ಕೋಲಾರ ಸೀಮೆಯ ವಾಸ್ತು ಮತ್ತು ಭೂವಿನ್ಯಾಸದ ನಕ್ಷೆಗಳು: ಅವುಗಳ ಸ್ವರೂಪ ಮತ್ತು ಸಂರಕ್ಷಣೆ

ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳ ಚರಿತ್ರೆಯನ್ನು ಬರೆದ ವಿದ್ವಾಂಸರು ಮುಖ್ಯವಾಗಿ ಎರಡು ಬಗೆಯ ಆಧಾರಗಳನ್ನು ನೆಮ್ಮಿದ್ದಾರೆ. ಒಂದು ಶಾಸನ, ಇನ್ನೊಂದು ಇಂದಿಗೂ ಉಳಿದು ನಿಂತಿರುವ ಕಟ್ಟಡ. ಈ ಸೀಮೆಯ ಶಾಸನಗಳನ್ನು ಬಿ. ಎಲ್. ರೈಸ್ ಅವರು ಎಪಿಗ್ರಾಫಿಯ ಕರ್ನಾಟಿಕದ ಹತ್ತನೆಯ ಸಂಪುಟವಾಗಿ ೧೯೦೫ರಲ್ಲಿ ಪ್ರಕಟಿಸಿದರು. ಅದರಿಂದಾಗಿ ಗಂಗರು, ಬಾಣರು, ನೊಳಂಬರು, ಚೋಳರು ಮತ್ತು ವಿಜಯನಗರದ ಅರಸರು ಇಲ್ಲಿ ಆಳಿದ ಕ್ರಮವು ಬಹುಮಟ್ಟಿಗೆ ತಿಳಿದುಬಂದಿದೆ. ಆದರೆ ಮೂರನೆಯದಾದ ಆಧಾರವೊಂದುಂಟು, ಅದೇ ನಕ್ಷೆ. ದೇವಾಲಯದ ತಲವಿನ್ಯಾಸ, ಕೆರೆಯ ಏರಿಯ ಅಡ್ಡಕೊಯ್ತ, ತೂಬಿನ ಚಿತ್ರ, ಗ್ರಾಮದ ನಕಾಶೆ, ಹೊಲದ ಟಿಪ್ಪಣಿ ಇವೆಲ್ಲವೂ ಈ ವರ್ಗಕ್ಕೆ ಸೇರುತ್ತವೆ. ಇವುಗಳನ್ನು ಕಚೇರಿಯ ಕಾಗದಗಳೆಂದು ಎಣಿಸುವುದು ವಾಡಿಕೆಯಾಗಿದೆಯೇ ಹೊರತು ಚರಿತ್ರೆಯ ಮೂಲ ಸಾಮಗ್ರಿಯೆಂದು ಎಣಿಸುವುದು ಇನ್ನೂ ರೂಢಿಗೆ ಬಂದಿಲ್ಲ. ಈ ನಕ್ಷೆಗಳು ಹೇಗೆ ಹುಟ್ಟಿದುವು, ಅವು ಏನನ್ನು ತೋರಿಸುತ್ತವೆ, ಏನನ್ನು ಬಿಡುತ್ತವೆ, ಅವುಗಳನ್ನು ಉಳಿಸಿಕೊಳ್ಳುವ ಬಗೆ ಯಾವುದು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ನಾವು ವಿಚಾರಿಸಲಿದ್ದೇವೆ.

೧

ಮೊದಲು ಈ ನೆಲದ ಸ್ವಭಾವವನ್ನು ಗಮನಿಸುವುದು ಯುಕ್ತ. ಈ ನಾಲ್ಕು ತಾಲ್ಲೂಕುಗಳಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ನಂದಿಬೆಟ್ಟದ ಕಡೆ ಹುಟ್ಟುವ ಪಾಲಾರ್ ಇಲ್ಲಿ ಹೊಳೆಯೆನ್ನುವುದಕ್ಕಿಂತ ಕೆರೆಗಳ ಸಾಲೆನ್ನುವುದೇ ಸರಿ. ಒಂದು ಕೆರೆಯ ಕೋಡಿ ಹರಿದು ಮುಂದಿನ ಕೆರೆ ತುಂಬುತ್ತದೆ; ಅದರ ಕೋಡಿಯಿಂದ ಅದರ ಮುಂದಿನದು. ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರರಾಗಿದ್ದ ಆರ್. ಎಚ್. ಸ್ಯಾಂಕಿ ಅವರು ೧೮೬೦ರ ದಶಕದಲ್ಲಿ ಸಂಸ್ಥಾನದ ಕೆರೆಗಳನ್ನು ಪರಿಶೀಲಿಸಿ, ಇಲ್ಲಿಯ ಭೂಮಿಯಲ್ಲಿ ನೂರಕ್ಕೆ ಅರುವತ್ತರಷ್ಟು ಭಾಗವು ಆಗಲೇ ಕೆರೆಗಳ ವ್ಯವಸ್ಥೆಗೆ ಒಳಪಟ್ಟಿದೆಯೆಂದೂ, ಹೊಸದೊಂದು ಕೆರೆಗೆ ತಕ್ಕ ಸ್ಥಳವನ್ನು ಹುಡುಕುವುದು ಕಷ್ಟವೆಂದೂ ಅಭಿಪ್ರಾಯಪಟ್ಟರು. ಈ ಮಾತು ಕೋಲಾರ ಸೀಮೆಗೆ ವಿಶೇಷವಾಗಿ ಒಪ್ಪುತ್ತದೆ. ನಾವು ಇಂದು ಪ್ರಕೃತಿಯೆಂದು ಕಾಣುವ ಇಲ್ಲಿಯ ಭೂದೃಶ್ಯವು ಬಹುಪಾಲು ಮನುಷ್ಯರು ಯೋಚಿಸಿ, ಅಳೆದು, ಕಟ್ಟಿದ ವಿನ್ಯಾಸ.

ಈ ವಿನ್ಯಾಸದಲ್ಲಿ ಗುಡಿಯೂ ಕೆರೆಯೂ ಬೇರೆ ಬೇರೆಯಾಗಿರಲಿಲ್ಲ. ಮುಳಬಾಗಿಲು ತಾಲ್ಲೂಕಿನ ಆವನಿಯಲ್ಲಿರುವ ಹತ್ತನೆಯ ಶತಮಾನದ ಶಾಸನವು, ತ್ರಿಭುವನಕರ್ತಾರನೆಂಬ ಯತಿಯು ಆ ಸ್ಥಾನವನ್ನು ನಾಲ್ವತ್ತು ವರ್ಷ ಆಳಿ, ಐವತ್ತು ದೇವಾಲಯಗಳನ್ನೂ ಎರಡು ದೊಡ್ಡ ಕೆರೆಗಳನ್ನೂ ಕಟ್ಟಿಸಿದನೆಂದು ಹೇಳುತ್ತದೆ. ಇಲ್ಲಿ ದೇವಾಲಯ ಮತ್ತು ಕೆರೆ ಒಂದೇ ಉಸಿರಿನಲ್ಲಿ ಉಕ್ತವಾಗಿವೆ. ಅಂತೆಯೇ ಕೆರೆ ಕಟ್ಟಿದವನಿಗೂ ಕಟ್ಟೆಯನ್ನು ನೋಡಿಕೊಳ್ಳುವವನಿಗೂ ಅಚ್ಚುಕಟ್ಟಿನಲ್ಲಿ ಭೂಮಿಯನ್ನು ಕೊಡುತ್ತಿದ್ದ ಕಟ್ಟುಗೊಡಗೆಯ ಪದ್ಧತಿಯನ್ನು ನೋಡಿದರೆ, ಕಟ್ಟಡದ ಬಾಳಿಕೆಗೆ ಬೇಕಾದ ಏರ್ಪಾಟು ಆ ನೆಲದಲ್ಲಿಯೇ ಅಡಕವಾಗಿತ್ತೆಂಬುದು ಸ್ಪಷ್ಟವಾಗುತ್ತದೆ.

೨

ಈ ಕೆಲಸಗಳನ್ನು ಮಾಡಿದ ಸೂತ್ರಧಾರಿಗಳೂ ಓಜರೂ ನಕ್ಷೆ ಬರೆಯುತ್ತಿದ್ದರೇ ಎಂಬ ಪ್ರಶ್ನೆ ಸಹಜವಾಗಿ ಏಳುತ್ತದೆ. ಮಧ್ಯಪ್ರದೇಶದ ಭೋಜಪುರದಲ್ಲಿ ಹನ್ನೊಂದನೆಯ ಶತಮಾನದ ಅಪೂರ್ಣ ದೇವಾಲಯದ ಸುತ್ತಲಿನ ಬಂಡೆಗಳ ಮೇಲೆ ಕಂಬ, ಶಿಖರ, ತಲವಿನ್ಯಾಸಗಳ ರೇಖಾಚಿತ್ರಗಳನ್ನು ಕೊರೆದಿರುವುದು ಇಂದಿಗೂ ಕಾಣುತ್ತದೆ. ಶಿಲ್ಪಿಗಳು ಗೆರೆ ಎಳೆದು ಯೋಚಿಸುತ್ತಿದ್ದರೆಂಬುದಕ್ಕೆ ಇದಕ್ಕಿಂತ ಪ್ರಬಲವಾದ ಸಾಕ್ಷ್ಯ ಬೇಕಿಲ್ಲ. ನಮ್ಮ ಸೀಮೆಯಲ್ಲಿ ಆ ಕಾಲದ ನಕ್ಷೆಯ ಕೆಲಸವನ್ನು ಶಾಸನವೇ ಮಾತಿನಲ್ಲಿ ನಿರ್ವಹಿಸಿದೆ. ದಾನಶಾಸನದ ಸೀಮಾವಿವರಣೆಯು ಮೂಡಲು, ತೆಂಕಲು, ಪಡುವಲು, ಬಡಗಲು ಎಂದು ದಿಕ್ಕು ಹಿಡಿದು ನೆಟ್ಟ ಕಲ್ಲು, ಹಳ್ಳ, ಬಂಡೆ, ಮರ, ಕೆರೆಯ ಕೋಡಿ ಇವುಗಳನ್ನು ಕ್ರಮವಾಗಿ ಹೆಸರಿಸುತ್ತ ಊರನ್ನು ಒಂದು ಸುತ್ತು ಬರುತ್ತದೆ. ಇದು ಅಕ್ಷರಗಳಿಂದ ಬರೆದ ನಕ್ಷೆಯೇ ಸರಿ.

ನೆರೆಯ ಕಡಪ ಜಿಲ್ಲೆಯ ಪೋರುಮಾಮಿಳ್ಳದ ಕೆರೆಯ ಶಾಸನವು ಈ ಬಗೆಗೆ ಅತ್ಯಂತ ಉಪಯುಕ್ತವಾದುದು. ಅದು ೧೩೬೯ರದು, ಬುಕ್ಕರಾಯನ ಮಗ ಭಾಸ್ಕರನು ಕಟ್ಟಿಸಿದ ಕೆರೆಯನ್ನು ಕುರಿತದ್ದು. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ತಪ್ಪಿಸಬೇಕಾದ ಆರು ದೋಷಗಳನ್ನೂ ಅದು ಎಣಿಸುತ್ತದೆ. ಏರಿಯ ಉದ್ದ ೫,೦೦೦, ಅಗಲ ೮, ಎತ್ತರ ೭ ರೇಖಾದಂಡಗಳೆಂದೂ, ೧,೦೦೦ ಜನ ಆಳುಗಳೂ ೧೦೦ ಬಂಡಿಗಳೂ ಎರಡು ವರ್ಷ ದುಡಿದರೆಂದೂ ಅಳತೆ ಲೆಕ್ಕ ಕೊಡುತ್ತದೆ. ಮುಳುವಾಯಿ ರಾಜ್ಯವೆಂದು ಪ್ರಸಿದ್ಧವಾಗಿದ್ದ ಮುಳಬಾಗಿಲು ಸೀಮೆಯೂ ಆಗ ಅದೇ ವಿಜಯನಗರದ ಆಳ್ವಿಕೆಗೆ ಸೇರಿತ್ತು. ಇಂಥ ಜ್ಞಾನವಿದ್ದ ಕಾಲದಲ್ಲಿ ಕೆರೆಯ ಕೆಲಸವು ಕೇವಲ ಕಣ್ಣಂದಾಜಿನಿಂದ ನಡೆಯುತ್ತಿತ್ತೆಂದು ಹೇಳಲಾಗದು.

ಕೋಲಾರದ ಕೋಲಾರಮ್ಮನ ಗುಡಿಯ ನಿದರ್ಶನ ಮತ್ತೊಂದು ಸಂಗತಿಯನ್ನು ತಿಳಿಸುತ್ತದೆ. ಆ ಗುಡಿಯ ಇಟ್ಟಿಗೆಯ ಭಾಗಗಳನ್ನು ರಾಜೇಂದ್ರ ಚೋಳನ ಆಜ್ಞೆಯಂತೆ ಅವನ ದಂಡನಾಯಕ ಉತ್ತಮಚೋಳ ಬ್ರಹ್ಮಮಾರಾಯನು ಕಲ್ಲಿನಲ್ಲಿ ಮತ್ತೆ ಕಟ್ಟಿಸಿದನೆಂದು ಅಲ್ಲಿಯ ಶಾಸನದಿಂದ ತಿಳಿಯುತ್ತದೆ. ಹಳೆಯ ಇಟ್ಟಿಗೆಯ ಗುಡಿಯ ರೂಪ ಕಣ್ಮರೆಯಾಯಿತು. ಅದು ಇದ್ದಿತೆಂಬ ಸುದ್ದಿ ಮಾತ್ರ ಕಲ್ಲಿನಲ್ಲಿ ಉಳಿಯಿತು. ಜೀರ್ಣೋದ್ಧಾರವೆಂಬ ಪುಣ್ಯಕಾರ್ಯವೇ ಪೂರ್ವರೂಪವನ್ನು ಅಳಿಸಬಲ್ಲುದು. ಅಳಿಸುವ ಮುನ್ನ ಬರೆದಿಟ್ಟ ನಕ್ಷೆಯೊಂದೇ ಅದಕ್ಕೆ ಪರಿಹಾರ.

೩

ಕಾಗದದ ಮೇಲಿನ ನಕ್ಷೆಗಳ ಯುಗವು ಇಲ್ಲಿ ೧೭೯೯ರ ತರುವಾಯ ಆರಂಭವಾಯಿತು. ಟಿಪ್ಪೂ ಸುಲ್ತಾನನ ಪತನಾನಂತರ ಕಾಲಿನ್ ಮೆಕೆಂಜಿ ಅವರಿಗೆ ಮೈಸೂರು ಸೀಮೆಯ ಸರ್ವೇಕ್ಷಣದ ಹೊಣೆ ಬಂದಿತು. ಅವರ ತಂಡವು ಭೂಪಟಗಳನ್ನು ರಚಿಸಿದುದಲ್ಲದೆ ದೇವಾಲಯ, ಶಿಲ್ಪ, ಕೋಟೆಗಳ ಚಿತ್ರಗಳನ್ನೂ ಬರೆಯಿತು. ಊರೂರಿನ ಕೈಫಿಯತ್ತುಗಳನ್ನೂ ಸಂಗ್ರಹಿಸಿತು. ಕನ್ನಡದ ಕೈಫಿಯತ್ತುಗಳು ಎಂ. ಎಂ. ಕಲಬುರ್ಗಿ ಅವರ ಸಂಪಾದಕತ್ವದಲ್ಲಿ ೧೯೯೪ರಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ಪ್ರಕಟವಾಗಿ ನಮ್ಮ ವಿದ್ಯಾರ್ಥಿಗಳ ಕೈಗೆಟುಕಿವೆ. ಭೂಪಟಗಳೂ ಚಿತ್ರಗಳೂ ಬಹುಪಾಲು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಹೀಗೆ ಒಂದೇ ಸಂಗ್ರಹದ ಮಾತು ಇಲ್ಲಿಯೂ ರೇಖೆ ಅಲ್ಲಿಯೂ ಉಳಿದುವು.

ತರುವಾಯ ಸಂಸ್ಥಾನದ ಮೂರು ಇಲಾಖೆಗಳು ಮೂರು ಬಗೆಯ ನಕ್ಷೆಗಳನ್ನು ಬರೆಸಿದುವು. ೧೮೫೬ರಲ್ಲಿ ಸ್ಥಾಪಿತವಾದ ಮರಾಮತ್ತು ಇಲಾಖೆಯು ಕೆರೆ, ಕಾಲುವೆ, ರಸ್ತೆ, ಸೇತುವೆ, ಕಚೇರಿ, ಮುಸಾಫರಿಖಾನೆಗಳ ನಕ್ಷೆಗಳನ್ನು ಸಿದ್ಧಪಡಿಸಿತು. ೧೮೬೩ರಲ್ಲಿ ಮುಂಬಯಿಯ ಪದ್ಧತಿಯನ್ನನುಸರಿಸಿ ಆರಂಭವಾದ ಕಂದಾಯ ಸರ್ವೆಯು ಹೊಲಹೊಲವನ್ನೂ ೩೩ ಅಡಿಯ ಸರಪಳಿಯಿಂದ ಅಳೆದು ಟಿಪ್ಪಣಿ, ಪ್ರತಿ ಪುಸ್ತಕ, ಆಕಾರಬಂದ್ ಮತ್ತು ಗ್ರಾಮ ನಕಾಶೆಗಳನ್ನು ನಿರ್ಮಿಸಿತು. ಪುರಾತತ್ತ್ವ ಇಲಾಖೆಯು ರೈಸ್ ಅವರ ಕಾಲದಲ್ಲಿ ಶಾಸನಗಳಿಂದ ಮೊದಲಾಗಿ, ಆರ್. ನರಸಿಂಹಾಚಾರ್ ಮತ್ತು ಎಂ. ಎಚ್. ಕೃಷ್ಣ ಅವರ ಕಾಲಗಳಲ್ಲಿ ದೇವಾಲಯಗಳ ವರ್ಣನೆ, ಛಾಯಾಚಿತ್ರ ಮತ್ತು ತಲವಿನ್ಯಾಸಗಳನ್ನು ವಾರ್ಷಿಕ ವರದಿಗಳಲ್ಲಿ ಅಚ್ಚುಹಾಕಿಸಿತು.

ಈ ನಕ್ಷೆಗಳಿಗೆ ರಾಜಕೀಯ ಮಹತ್ತ್ವವೂ ಇದ್ದಿತು. ಮೈಸೂರು ಮತ್ತು ಮದರಾಸು ಸರ್ಕಾರಗಳ ನಡುವಣ ೧೮೯೨ರ ಒಪ್ಪಂದದಲ್ಲಿ ಹೆಸರಿಸಲಾದ ನದಿಗಳಲ್ಲಿ ಪಾಲಾರೂ ಒಂದು. ಆ ನದಿಗಳ ಮೇಲೆ ಹೊಸ ನೀರಾವರಿ ಜಲಾಶಯವನ್ನು ಕಟ್ಟಬೇಕಾದರೆ ಮೈಸೂರು ಸರ್ಕಾರವು ಪೂರ್ಣ ವಿವರಗಳನ್ನು ಕಳುಹಿಸಿ ಮದರಾಸಿನ ಸಮ್ಮತಿಯನ್ನು ಮುಂಚಿತವಾಗಿ ಪಡೆಯಬೇಕಾಗಿತ್ತು. ಇದರಿಂದಾಗಿ ಯಾವುದು ಹಳೆಯ ಕೆರೆ, ಅದರ ಏರಿ ಎಷ್ಟು ಎತ್ತರ, ಕೋಡಿ ಯಾವ ಮಟ್ಟದಲ್ಲಿದೆ ಎಂಬ ಪ್ರಶ್ನೆಗಳು ಎರಡು ಸರ್ಕಾರಗಳ ನಡುವಿನ ಪ್ರಶ್ನೆಗಳಾದುವು. ಹಳ್ಳಿಯೊಂದರ ಕೆರೆಯ ಅಡ್ಡಕೊಯ್ತವು ನೀರಿನ ಹಕ್ಕಿನ ಪತ್ರವೂ ಆಯಿತು.

೪

ಮೇಲ್ಕಂಡ ವಿವರಗಳಿಂದ ಒಂದು ಮುಖ್ಯಾಂಶ ಹೊರಪಡುತ್ತದೆ. ಹಿಂದೆ ಒಂದಾಗಿದ್ದ ವಿನ್ಯಾಸವನ್ನು ಹೊಸ ಆಡಳಿತವು ಮೂರು ಕಚೇರಿಗಳಿಗೆ ಹಂಚಿತು. ಗುಡಿ ಪುರಾತತ್ತ್ವದ ಪಾಲು, ಏರಿ ಮತ್ತು ತೂಬು ಮರಾಮತ್ತಿನ ಪಾಲು, ಕೆರೆಯಂಗಳ ಮತ್ತು ಅಚ್ಚುಕಟ್ಟು ಕಂದಾಯದ ಪಾಲು. ಒಂದೊಂದು ನಕ್ಷೆಯೂ ತನ್ನ ಕಚೇರಿಗೆ ಬೇಕಾದುದನ್ನು ಮಾತ್ರ ತೋರಿಸುತ್ತದೆ. ದೇವಾಲಯದ ತಲವಿನ್ಯಾಸವು ಪ್ರಾಕಾರದ ಗೋಡೆಯಲ್ಲಿ ನಿಲ್ಲುತ್ತದೆ. ಮುಂದಿನ ರಥಬೀದಿಯನ್ನಾಗಲಿ ಕಲ್ಯಾಣಿಗೆ ನೀರು ಬರುವ ಕಾಲುವೆಯನ್ನಾಗಲಿ ಅದು ತೋರಿಸುವುದಿಲ್ಲ. ಮರಾಮತ್ತಿನ ನಕ್ಷೆಯು ಏರಿಯ ಕಲ್ಲುಕಟ್ಟಡವನ್ನು ಅಂಗುಲ ಅಂಗುಲವಾಗಿ ಹೇಳುತ್ತದೆ. ಏರಿಯ ಮೇಲಿನ ಗ್ರಾಮದೇವತೆಯನ್ನು ಬಿಟ್ಟುಬಿಡುತ್ತದೆ. ಗ್ರಾಮ ನಕಾಶೆಯಲ್ಲಿ ಕೆರೆಗೆ ಸರ್ವೆ ನಂಬರು ಉಂಟು, ಗುಂಡುತೋಪಿಗೂ ಸ್ಮಶಾನಕ್ಕೂ ಉಂಟು. ಆದರೆ ಕೆರೆಯ ಆಳ ಅದರಲ್ಲಿಲ್ಲ. ಕಂದಾಯ ಬಾರದ ನೆಲವೆಲ್ಲ ಅದರ ದೃಷ್ಟಿಯಲ್ಲಿ ಖರಾಬು. ಯಾವ ಗದ್ದೆಗೆ ಯಾವ ದಿನ ನೀರು ಬಿಡಬೇಕೆಂಬುದನ್ನು ಬಲ್ಲ ನೀರಗಂಟಿಯ ತಿಳಿವಳಿಕೆಯಂತೂ ಈ ಮೂರರಲ್ಲಿ ಯಾವ ನಕ್ಷೆಯಲ್ಲಿಯೂ ಸ್ಥಾನ ಪಡೆಯಲಿಲ್ಲ.

ಕೋಲಾರ ಪಟ್ಟಣವನ್ನೇ ತೆಗೆದುಕೊಳ್ಳಬಹುದು. ಅಲ್ಲಿ ಚೋಳರ ಕಾಲದ ಕೋಲಾರಮ್ಮನ ಗುಡಿ, ವಿಜಯನಗರ ಕಾಲದ ಸೋಮೇಶ್ವರ ದೇವಾಲಯ, ಹೈದರ್ ಅಲಿಯ ತಂದೆ ಫತೇ ಮಹಮ್ಮದನ ಗೋರಿಯಿರುವ ಮಕ್ಬರ, ಕೋಲಾರಮ್ಮನ ಕೆರೆ, ಅಂತರಗಂಗೆಯ ಬೆಟ್ಟ ಎಲ್ಲವೂ ಹತ್ತಿರ ಹತ್ತಿರದಲ್ಲಿವೆ. ೧೭೮೨ರಲ್ಲಿ ಹೈದರನು ತೀರಿಕೊಂಡಾಗ ಅವನ ದೇಹವನ್ನು ಮೊದಲು ಈ ಮಕ್ಬರದಲ್ಲಿಯೇ ಇರಿಸಿ, ತರುವಾಯ ಶ್ರೀರಂಗಪಟ್ಟಣಕ್ಕೆ ಒಯ್ಯಲಾಯಿತು. ಒಂದೊಂದು ಕಟ್ಟಡವನ್ನೂ ಬೇರೆ ಬೇರೆಯಾಗಿ ವರ್ಣಿಸಿದರೆ ಅವು ಬೇರೆ ಬೇರೆ ರಾಜವಂಶಗಳ ಗುರುತುಗಳಾಗಿ ಮಾತ್ರ ತೋರುತ್ತವೆ. ಮೂರೂ ಬಗೆಯ ನಕ್ಷೆಗಳನ್ನು ಒಂದರ ಪಕ್ಕದಲ್ಲೊಂದಿಟ್ಟು ನೋಡಿದಾಗಲೇ, ಬೆಟ್ಟದಿಂದ ಇಳಿದ ನೀರು, ಅದನ್ನು ಹಿಡಿದ ಕೆರೆ, ಅದರ ಆಸರೆಯಲ್ಲಿ ಬೆಳೆದ ಊರು ಇವುಗಳ ಸಂಬಂಧವನ್ನು ಪರೀಕ್ಷಿಸುವುದು ಸಾಧ್ಯ.

ಹೆಸರುಗಳ ವಿಷಯವೂ ಹೀಗೆಯೇ. ಶ್ರೀನಿವಾಸಪುರಕ್ಕೆ ಮೊದಲು ಪಾಪನಪಲ್ಲಿಯೆಂಬ ಹೆಸರಿತ್ತೆಂದೂ, ದಿವಾನ್ ಪೂರ್ಣಯ್ಯನವರು ತಮ್ಮ ಮಗನ ಹೆಸರನ್ನು ಅದಕ್ಕಿಟ್ಟರೆಂದೂ ರೈಸ್ ಅವರ ಗ್ಯಾಸೆಟಿಯರಿನಲ್ಲಿದೆ. ಹೊಸ ಹೆಸರಿನಿಂದ ಹಳೆಯ ದಾಖಲೆಯನ್ನು ಹುಡುಕುವವನಿಗೆ ಊರೇ ಸಿಕ್ಕದೆ ಹೋಗಬಹುದು. ಬೇಚಿರಾಕ್ ಗ್ರಾಮಗಳ, ಅಂದರೆ ದೀಪವಾರಿದ ಊರುಗಳ ಹೆಸರುಗಳು ಉಳಿದಿರುವುದು ಎಷ್ಟೋ ಕಡೆ ಗ್ರಾಮ ನಕಾಶೆಯಲ್ಲಿ ಮಾತ್ರ.

೫

ನಕ್ಷೆಗಳ ಸಂರಕ್ಷಣೆಯು ಕೇವಲ ವಿದ್ವಾಂಸರ ಕುತೂಹಲದ ವಿಷಯವೆಂದು ಯಾರೂ ಭಾವಿಸಲಾಗದು. ೨೦೧೮ರಲ್ಲಿ ಕೋರಮಂಗಲ-ಚಲ್ಲಘಟ್ಟ ಕಣಿವೆ ಯೋಜನೆಯಂತೆ ಬೆಂಗಳೂರಿನಲ್ಲಿ ಶುದ್ಧೀಕರಿಸಿದ ನೀರು ಕೋಲಾರ ತಾಲ್ಲೂಕಿನ ಲಕ್ಷ್ಮೀಸಾಗರ ಕೆರೆಗೆ ಬಂದಿತು. ಅಲ್ಲಿಂದ ಮುಂದೆ ಕೆರೆಯಿಂದ ಕೆರೆಗೆ ಹಳೆಯ ಜಾಡಿನಲ್ಲಿಯೇ ಅದು ಹರಿಯಬೇಕಾಯಿತು. ಆ ನೀರಿನ ಗುಣವನ್ನು ಕುರಿತು ಚರ್ಚೆಗಳು ನಡೆದಿವೆ. ಅದು ಈ ಲೇಖನದ ವಿಷಯವಲ್ಲ. ಚರಿತ್ರೆಯ ವಿದ್ಯಾರ್ಥಿಯು ಗಮನಿಸಬೇಕಾದುದು ಇಷ್ಟೆ: ಇಪ್ಪತ್ತೊಂದನೆಯ ಶತಮಾನದ ಯೋಜನೆಯೊಂದು ನೂರಾರು ವರ್ಷಗಳ ಹಿಂದಿನ ವಿನ್ಯಾಸವನ್ನು ಆಶ್ರಯಿಸಿತು. ರಾಜಕಾಲುವೆಯು ಎಲ್ಲಿತ್ತೆಂಬುದು ತಿಳಿದ ಕಡೆ ನೀರು ದಾರಿ ಕಾಣುತ್ತದೆ. ಅದು ಮುಚ್ಚಿಹೋಗಿ ಗುರುತೂ ಇಲ್ಲವಾದ ಕಡೆ ಹೊಲಕ್ಕೋ ಮನೆಗೋ ನುಗ್ಗುತ್ತದೆ. ಬೆಂಗಳೂರಿಗೆ ಸಮೀಪವಾದ ಮಾಲೂರು ತಾಲ್ಲೂಕಿನಲ್ಲಿ ಇಟ್ಟಿಗೆ-ಹೆಂಚಿನ ಕೈಗಾರಿಕೆ, ಕಾರ್ಖಾನೆಗಳು, ಬಡಾವಣೆಗಳು, ಹೆದ್ದಾರಿಗಳು ನೆಲದ ಮುಖವನ್ನು ಬೇಗಬೇಗನೆ ಬದಲಿಸುತ್ತಿವೆ. ಶ್ರೀನಿವಾಸಪುರದ ಕಡೆ ಮಾವಿನ ತೋಪುಗಳು ವಿಸ್ತಾರವಾಗಿ ಹಬ್ಬಿವೆ. ಬದಲಾವಣೆಯನ್ನು ತಡೆಯುವುದು ಚರಿತ್ರಕಾರನ ಕೆಲಸವಲ್ಲ. ಬದಲಾಗುವ ಮುನ್ನ ಏನಿತ್ತೆಂಬುದನ್ನು ಪ್ರಮಾಣಪೂರ್ವಕವಾಗಿ ಹೇಳುವುದು ಅವನ ಕೆಲಸ.

ಈ ಪ್ರಮಾಣವು ಎಷ್ಟು ಸೂಕ್ಷ್ಮವಾದುದೆಂಬುದಕ್ಕೆ ಒಂದು ಲೆಕ್ಕವನ್ನು ಕೊಡಬಹುದು. ನಮ್ಮ ಗ್ರಾಮ ನಕಾಶೆಗಳ ಸಾಮಾನ್ಯ ಅಳತೆ ೧:೭೯೨೦. ಅಂದರೆ ನಕ್ಷೆಯ ಒಂದು ಅಂಗುಲವು ನೆಲದ ಮೇಲೆ ೬೬೦ ಅಡಿ, ಸರ್ವೆಯ ಸರಪಳಿಯಲ್ಲಿ ೨೦ ಸರಪಳಿ. ಒಂದು ಚದರ ಅಂಗುಲವು ಸರಿಯಾಗಿ ೧೦ ಎಕರೆ. ೩೩ ಅಡಿ ಅಗಲದ ಕಾಲುವೆಯು ಕಾಗದದ ಮೇಲೆ ಅಂಗುಲದ ಇಪ್ಪತ್ತನೆಯ ಒಂದು ಭಾಗ ಮಾತ್ರ. ೨೦ ಅಂಗುಲದ ಹಾಳೆಯೊಂದು ತೇವ ಮತ್ತು ಬಿಸಿಲುಗಳಿಂದ ನೂರಕ್ಕೆ ಒಂದರಷ್ಟು ಕುಗ್ಗಿದರೆ, ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಬರುವ ವ್ಯತ್ಯಾಸ ೧೩೨ ಅಡಿ. ಕಾಲುವೆಯೊಂದು ನಾಲ್ಕು ಸಲ ಕಾಣೆಯಾಗಲು ಇಷ್ಟು ಸಾಕು. ಆದುದರಿಂದಲೇ ನೆಲದಲ್ಲಿ ಅಳೆದ ಸರಪಳಿ-ಆಣೆಗಳ ಅಂಕೆಗಳನ್ನು ಹೊತ್ತ ಟಿಪ್ಪಣಿಯು ನಕಾಶೆಗಿಂತ ಹೆಚ್ಚು ನೆಚ್ಚತಕ್ಕುದು. ಎರಡನ್ನೂ ಒಟ್ಟಿಗೆ ಉಳಿಸಬೇಕಾದುದು ಅವಶ್ಯಕ.

೬

ಸಂರಕ್ಷಣೆಯ ಕ್ರಮವು ನಕ್ಷೆಯ ದ್ರವ್ಯವನ್ನು ಅವಲಂಬಿಸಿದೆ. ಮರಾಮತ್ತಿನ ಹಳೆಯ ನಕ್ಷೆಗಳು ಸಾಮಾನ್ಯವಾಗಿ ಗಂಜಿ ಹಾಕಿದ ಟ್ರೇಸಿಂಗ್ ಬಟ್ಟೆಯ ಮೇಲೋ, ದಪ್ಪ ಕಾಗದದ ಮೇಲೋ, ನೀಲಿ ಪ್ರತಿಗಳಾಗಿಯೋ ಇರುತ್ತವೆ. ಟ್ರೇಸಿಂಗ್ ಬಟ್ಟೆಗೆ ನೀರು ತಗಲಿದರೆ ಗಂಜಿ ಕರಗಿ ಗೆರೆ ಹರಡುತ್ತದೆ. ಟ್ರೇಸಿಂಗ್ ಕಾಗದವು ವಯಸ್ಸಾದಂತೆ ಹಪ್ಪಳದಂತೆ ಮುರಿಯುತ್ತದೆ. ಜಾನ್ ಹರ್ಷೆಲ್ ೧೮೪೨ರಲ್ಲಿ ಕಂಡುಹಿಡಿದ ವಿಧಾನದಿಂದ ತಯಾರಾದ ನೀಲಿ ಪ್ರತಿಯು ಬೆಳಕಿಗೆ ಮಾಸುತ್ತದೆ, ಕ್ಷಾರಕ್ಕೆ ಬಣ್ಣಗೆಡುತ್ತದೆ. ಆದಕಾರಣ ಇತರ ದಾಖಲೆಗಳಿಗೆ ಹಿತವಾದ ಕ್ಷಾರಯುಕ್ತ ಕಾಗದದ ಹೊದಿಕೆ ಇದಕ್ಕೆ ಸಲ್ಲದು. ಸುರುಳಿ ಸುತ್ತಿ ಕಟ್ಟಿಡುವುದಕ್ಕಿಂತ ಹರವಾಗಿ ಇಡುವುದು ಮೇಲು. ಹರಿದ ಕಡೆ ಅಂಟುಪಟ್ಟಿ ಹಚ್ಚುವುದೂ, ಪ್ಲಾಸ್ಟಿಕ್ ಹಾಳೆಗಳ ನಡುವೆ ಬಿಸಿಮಾಡಿ ಅಂಟಿಸುವುದೂ ರಕ್ಷಣೆಯಂತೆ ತೋರಿದರೂ ಮುಂದೆ ತೆಗೆಯಲಾಗದ ಹಾನಿಯನ್ನುಂಟುಮಾಡುತ್ತವೆ.

ಸ್ಕ್ಯಾನ್ ಮಾಡಿಸಿದ ಮೇಲೆ ಮೂಲ ಕಾಗದದ ಅಗತ್ಯವೇನೆಂದು ಕೇಳುವವರುಂಟು. ಕಂದಾಯ ಇಲಾಖೆಯು ಹಳೆಯ ದಾಖಲೆಗಳನ್ನು ಗಣಕೀಕರಿಸಲು ೨೦೨೪ರಲ್ಲಿ ಆರಂಭಿಸಿದ ಭೂಸುರಕ್ಷಾ ಕಾರ್ಯಕ್ರಮವು ಸ್ವಾಗತಾರ್ಹವಾದುದು. ದಾಖಲೆ ಕಳೆಯುವ, ತಿದ್ದುವ ಭಯವನ್ನು ಅದು ಕಡಮೆ ಮಾಡುತ್ತದೆ. ಆದರೆ ಪ್ರತಿಯು ಮೂಲದ ಎಲ್ಲ ಗುಣಗಳನ್ನೂ ಹೊತ್ತು ತರಲಾರದು. ಎಂಜಿನಿಯರಿಂಗ್ ನಕ್ಷೆಗಳಲ್ಲಿ ಹೊಸ ಕಾಮಗಾರಿಯನ್ನು ಕೆಂಪು ಗೆರೆಯಿಂದ ತೋರಿಸುವ ವಾಡಿಕೆಯುಂಟು. ಕಪ್ಪುಬಿಳುಪಿನ ಪ್ರತಿಯಲ್ಲಿ ಇದ್ದುದೂ ಆಗಬೇಕಾದುದೂ ಒಂದೇ ಬಣ್ಣವಾಗುತ್ತವೆ. ಕಟ್ಟದೆಯೇ ಉಳಿದ ತೂಬನ್ನು ಇದ್ದ ತೂಬೆಂದು ಮುಂದಿನವರು ಬರೆದುಬಿಡಬಹುದು. ಪ್ರತಿ ತೆಗೆಯುವಾಗ ಬಣ್ಣವನ್ನೂ ಪಕ್ಕದಲ್ಲಿಟ್ಟ ಅಳತೆಪಟ್ಟಿಯನ್ನೂ ಹಾಳೆಯ ಹಿಂಬದಿಯ ಬರವಣಿಗೆಯನ್ನೂ ಸೇರಿಸಿಕೊಳ್ಳತಕ್ಕುದು, ಮೂಲವನ್ನು ಎಂದಿಗೂ ಬಿಸುಡತಕ್ಕುದಲ್ಲ.

ಅನ್ಯದೇಶಗಳ ಅನುಭವವೂ ಇಲ್ಲಿ ಸಹಾಯಕವಾಗುತ್ತದೆ. ಅಮೆರಿಕದಲ್ಲಿ ೧೯೩೩ರಲ್ಲಿ, ಆರ್ಥಿಕ ಮುಗ್ಗಟ್ಟಿನಿಂದ ಕೆಲಸವಿಲ್ಲದೆ ಇದ್ದ ವಾಸ್ತುಶಿಲ್ಪಿಗಳನ್ನು ನೇಮಿಸಿಕೊಂಡು, ಚಾರಿತ್ರಿಕ ಕಟ್ಟಡಗಳನ್ನು ಅಳೆದು ನಕ್ಷೆ ಬರೆಯುವ ಸರ್ವೇಕ್ಷಣವೊಂದನ್ನು ಆರಂಭಿಸಲಾಯಿತು. ಆ ನಕ್ಷೆಗಳು ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿ ಸಾರ್ವಜನಿಕರಿಗೆ ತೆರೆದಿವೆ. ಕಟ್ಟಡದ ನಕ್ಷೆ ಮಾತ್ರ ಸಾಲದೆಂಬುದು ಅವರಿಗೂ ತಡವಾಗಿ ತಿಳಿಯಿತು. ೨೦೦೦ದಲ್ಲಿ ಚಾರಿತ್ರಿಕ ಭೂದೃಶ್ಯಗಳಿಗಾಗಿಯೇ ಮತ್ತೊಂದು ಸರ್ವೇಕ್ಷಣವು ಸ್ಥಾಪಿತವಾಯಿತು. ನಮ್ಮಲ್ಲಿಯೂ ದೇವಾಲಯಗಳ ಭಾಗ್ಯ ಸ್ವಲ್ಪ ಮೇಲು. ಆಂಡ್ರ್ಯೂ ಕೊಹೆನ್ ಅವರು ನೊಳಂಬರ ದೇವಾಲಯಗಳನ್ನು ಕುರಿತು ಬರೆದ ಗ್ರಂಥವು ೧೯೯೮ರಲ್ಲಿ ಪ್ರಕಟವಾಗಿದೆ. ಕೆರೆ, ಕಲ್ಯಾಣಿ, ಗುಂಡುತೋಪು, ಕಾಲುವೆಗಳ ಪಾಲಿಗೆ ಅಂಥ ಅಧ್ಯಯನಗಳು ಇನ್ನು ಮೇಲೆ ಬೆಳೆಯಬೇಕಾಗಿವೆ.

೭

ಈ ದಿಸೆಯಲ್ಲಿ ಕಾಲೇಜುಗಳು ಮಾಡಬಹುದಾದ ಕಾರ್ಯವನ್ನು ಸೂಚಿಸಿ ಲೇಖನವನ್ನು ಮುಗಿಸುತ್ತೇವೆ. ಮೊದಲನೆಯದಾಗಿ, ನಾಲ್ಕು ತಾಲ್ಲೂಕುಗಳಿಗೂ ನಕ್ಷೆಗಳ ಸೂಚಿಯೊಂದು ಸಿದ್ಧವಾಗಬೇಕು. ನಕ್ಷೆಯ ವಿಷಯ, ಗ್ರಾಮದ ಹಳೆಯ ಮತ್ತು ಹೊಸ ಹೆಸರು, ವರ್ಷ, ಅಳತೆ, ದಿಕ್ಕು, ಬರೆದ ಕಚೇರಿ, ದ್ರವ್ಯ, ಈಗಿನ ಸ್ಥಿತಿ, ಇರುವ ಸ್ಥಳ ಇಷ್ಟನ್ನು ಒಂದು ಚೀಟಿಯಲ್ಲಿ ಬರೆದರೆ ಸಾಕು. ಅದು ಇದ್ದುದನ್ನು ತೋರಿಸುವ ನಕ್ಷೆಯೋ, ಮಾಡಬೇಕೆಂದಿದ್ದುದನ್ನು ತೋರಿಸುವ ನಕ್ಷೆಯೋ ಎಂಬುದನ್ನು ತಪ್ಪದೆ ನಮೂದಿಸಬೇಕು. ಎರಡನೆಯದಾಗಿ, ಒಂದೊಂದು ಗ್ರಾಮಕ್ಕೂ ಕಡತವೊಂದನ್ನು ತೆರೆದು, ಎಪಿಗ್ರಾಫಿಯ ಕರ್ನಾಟಿಕದ ಶ���ಸನಗಳ ಸೀಮಾವಿವರಣೆ, ಕಂದಾಯದ ನಕಾಶೆ, ಮರಾಮತ್ತಿನ ನಕ್ಷೆ, ಪುರಾತತ್ತ್ವದ ತಲವಿನ್ಯಾಸ ಈ ನಾಲ್ಕರ ಪ್ರತಿಗಳನ್ನು ಒಂದೆಡೆ ಕೂಡಿಸಬೇಕು. ಆವನಿ, ಕುರುಡುಮಲೆ, ಟೇಕಲ್ ಇಂಥ ಸ್ಥಳಗಳಿಂದ ಈ ಕಾರ್ಯವನ್ನು ಆರಂಭಿಸುವುದು ಸುಲಭ. ಮೂರನೆಯದಾಗಿ, ನಕ್ಷೆಯಿಲ್ಲದ ಕಲ್ಯಾಣಿ, ಮಂಟಪ, ತೂಬುಗಳನ್ನು ವಿದ್ಯಾರ್ಥಿಗಳು ಟೇಪು ಹಿಡಿದು ಅಳೆದು, ದಿನಾಂಕ ಸಹಿತವಾಗಿ ಬರೆಯುವುದನ್ನು ಅಭ್ಯಾಸಮಾಡಬೇಕು. ನೀರಗಂಟಿಯ ಮನೆತನದ ಹಿರಿಯರಿಂದ ನೀರು ಹಂಚುತ್ತಿದ್ದ ಕ್ರಮವನ್ನು ಕೇಳಿ ಆ ನಕ್ಷೆಯ ಮೇಲೆಯೇ ಗುರುತಿಸಬೇಕು. ಸಿದ್ಧವಾದ ಸೂಚಿಯ ಪ್ರತಿಯನ್ನು ೧೯೭೩ರಲ್ಲಿ ಸ್ಥಾಪಿತವಾದ ರಾಜ್ಯ ಪತ್ರಾಗಾರಕ್ಕೂ ಜಿಲ್ಲಾ ಗ್ರಂಥಾಲಯಕ್ಕೂ ಕಳುಹಿಸಿಕೊಡುವುದು ಉಚಿತ.

ಇದರಲ್ಲಿ ಹೆಚ್ಚಿನ ಹಣವಾಗಲಿ ಯಂತ್ರವಾಗಲಿ ಬೇಕಾಗಿಲ್ಲ. ತಾಳ್ಮೆ ಬೇಕು, ಕಚೇರಿಗಳ ಸಹಕಾರ ಬೇಕು. ಶಾಸನಗಳು ಅಚ್ಚಿನಲ್ಲಿ ಸಂಗ್ರಹವಾದ ಮೇಲೆ ಈ ಸೀಮೆಯ ರಾಜರ ಚರಿತ್ರೆಯನ್ನು ಬರೆಯುವುದು ಸಾಧ್ಯವಾಯಿತು. ನಕ್ಷೆಗಳೂ ಅದೇ ರೀತಿಯಲ್ಲಿ ಸಂಗ್ರಹವಾದರೆ ಈ ನೆಲದ ಚರಿತ್ರೆಯನ್ನು, ಅದನ್ನು ಕಟ್ಟಿದ ಒಡ್ಡರು, ಓಜರು, ನೀರಗಂಟಿಗಳ ಚರಿತ್ರೆಯನ್ನು ಬರೆಯುವುದು ಸಾಧ್ಯವಾದೀತು. ಅಲ್ಲದೆ ಕೆರೆಯ ಎಲ್ಲೆ ಯಾವುದೆಂಬ ವಿವಾದವೆದ್ದಾಗ ಊರಿನವರ ಕೈಯಲ್ಲಿ ತೋರಿಸಲು ಒಂದು ಹಾಳೆಯಾದರೂ ಇದ್ದೀತು.